ಅಟ್ಟದ ಮೇಲಿನ ಮೆಷಿನ್ ಗನ್‌ಗೂ ಒಂದು ದಾರಿ ಬೇಕು

ಅಮೆರಿಕದಲ್ಲಿ ಸಾಮಾನ್ಯ ಮನುಷ್ಯನೂ ಮೆಷಿನ್ ಗನ್ ಇಟ್ಟುಕೊಳ್ಳಬಹುದು ಎಂದರೆ ಊರಿನಲ್ಲಿ ಅರ್ಧ ಜನ ನಂಬುವುದಿಲ್ಲ. ನಂಬುವ ಇನ್ನರ್ಧ ಜನ, ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಸಿಗುತ್ತದೆ ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ನಾನಿರುವ ಒಹಾಯೋ ರಾಜ್ಯದಲ್ಲಿ ಇಟ್ಟುಕೊಳ್ಳಬಹುದು, ನಿಜ. ಆದರೆ ಆ ಗನ್ 1986ರ ಮೇ 19ಕ್ಕೆ ಮೊದಲೇ ಕೇಂದ್ರ ಸರ್ಕಾರದ ದಾಖಲೆ ಸೇರಿರಬೇಕು. ಆಮೇಲೆ ತಯಾರಾದದ್ದು ನಮ್ಮ ನಿಮ್ಮಂಥವರಿಗೆ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳಲ್ಲಿ ಹಳೆಯದನ್ನೂ ಮನೆಯಲ್ಲಿಡಲು ಬಿಡುವುದಿಲ್ಲ.

ನಾನು ಕೊಡಗಿನವನು. ನಮ್ಮದು ಜಮ್ಮಾ, ಅಂದರೆ ತಲೆತಲಾಂತರದ ಹಿಡುವಳಿ ಜಮೀನಿನ ಮನೆ. ಆಯುಧ ಪೂಜಿಸುವ ನಮ್ಮ ಕೈಲ್ ಮುಹೂರ್ತ ಹಬ್ಬದ ದಿನ ಕೋವಿಯನ್ನು ಒರೆಸಿ, ದೇವರ ಮುಂದಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸುವುದನ್ನು ನೋಡುತ್ತಾ ಬೆಳೆದವನು. ಹಾಗಾಗಿ ಹಳೆಯ ಆಯುಧ ಎಂದರೆ ನನಗೆ ಮೊದಲು ನೆನಪಾಗುವುದು ಮನೆತನ. ಹೆದರಿಕೆ ಆಮೇಲೆ. ಇಲ್ಲಿನ ಕಾನೂನನ್ನು ಓದಲು ಕೂತಾಗಲೂ ನಾನು ಹುಡುಕಿದ್ದು ಒಂದೇ ವಿಷಯ: ಯಜಮಾನ ತೀರಿಕೊಂಡ ಮೇಲೆ ಆಯುಧ ಏನಾಗುತ್ತದೆ?

ಇಲ್ಲಿನ ಕಥೆ 1934ರಿಂದ ಶುರುವಾಗುತ್ತದೆ. ಶಿಕಾಗೋ ಗ್ಯಾಂಗುಗಳು ಥಾಂಪ್ಸನ್ ಗನ್ ಹಿಡಿದು ಬೀದಿಯಲ್ಲೇ ಹೊಡೆದಾಡುತ್ತಿದ್ದ ಕಾಲ ಅದು. ಸರ್ಕಾರ ನೇರವಾಗಿ ನಿಷೇಧ ಮಾಡಲಿಲ್ಲ. ನೋಂದಣಿ ಮಾಡಿಸಿ, ಪ್ರತಿ ಸಲ ಕೈ ಬದಲಾದಾಗ 200 ಡಾಲರ್ ತೆರಿಗೆ ಕಟ್ಟಿ ಎಂದಿತು. ಆಗ ಒಂದು ಥಾಂಪ್ಸನ್ನಿನ ಬೆಲೆಯೇ ಹೆಚ್ಚುಕಮ್ಮಿ ಅಷ್ಟಿತ್ತು. ಮೆಷಿನ್ ಗನ್ ಮೇಲಿನ ಆ 200 ಡಾಲರ್ ಇವತ್ತಿಗೂ ಏರಿಲ್ಲ, ಇಳಿದಿಲ್ಲ. 2026ರ ಜನವರಿಯಿಂದ ಸೈಲೆನ್ಸರ್‌ಗೂ ಗಿಡ್ಡ ನಳಿಗೆಯ ಬಂದೂಕಿಗೂ ಈ ತೆರಿಗೆಯನ್ನು ಸೊನ್ನೆ ಮಾಡಿದರು. ಮೆಷಿನ್ ಗನ್‌ಗೆ ಹಾಗೇ ಬಿಟ್ಟರು.

ಕೊಳ್ಳುವ ಮೊದಲು ಕೇಂದ್ರ ಸರ್ಕಾರಕ್ಕೆ ಫಾರ್ಮ್ 4 ಅರ್ಜಿ ಹೋಗಬೇಕು. ಕೊಳ್ಳುವವನು ಫೋಟೋ, ಬೆರಳಚ್ಚು ಕೊಡಬೇಕು. ಸ್ಥಳೀಯ ಪೊಲೀಸ್ ಮುಖ್ಯಸ್ಥರಿಗೋ ಶೆರಿಫ್‌ಗೋ ಒಂದು ಪ್ರತಿ ಕಳಿಸಬೇಕು. ಒಪ್ಪಿಗೆ ಬರುವ ತನಕ ಗನ್ ಮಾರುವವನ ಹತ್ತಿರವೇ ಇರುತ್ತದೆ. ನಮ್ಮಲ್ಲಿ ಸೈಟು ಕೊಂಡರೆ ನೋಂದಣಿ, ಖಾತೆ ಅಂತ ಓಡಾಡುತ್ತೇವಲ್ಲ, ಇಲ್ಲಿ ಒಂದು ಹಳೇ ಗನ್ನಿಗೆ ಅಷ್ಟೂ ಇದೆ. ಕೊಂಡ ಮೇಲೂ ಅದನ್ನು ಇನ್ನೊಂದು ರಾಜ್ಯಕ್ಕೆ ಒಯ್ಯಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಹೊಸದು ಬರುವ ಹಾಗಿಲ್ಲ, ಹಳೆಯದು ಸವೆಯುತ್ತಲೇ ಇದೆ. ಹಾಗಾಗಿ ಬೆಲೆ ಗಗನಕ್ಕೇರಿದೆ. ದಾಖಲೆ ಇರುವ ಒಂದು ಎಂ-16ಕ್ಕೆ 30 ಸಾವಿರ ಡಾಲರ್‌ಗಿಂತ ಜಾಸ್ತಿ ಕೊಡುವವರಿದ್ದಾರೆ.

ಆಂಟಿಕ್ ಆದರೆ ವಿನಾಯಿತಿ ಇದೆ ಎಂದು ಬಹಳ ಜನ ಹೇಳುತ್ತಾರೆ. 1898 ಅಥವಾ ಅದಕ್ಕೂ ಮೊದಲು ತಯಾರಾದ ಮಾಮೂಲಿ ಬಂದೂಕಿಗೆ ಆ ಮಾತು ಸರಿ. ಮೆಷಿನ್ ಗನ್‌ಗೆ ಸಾಮಾನ್ಯವಾಗಿ ಅಲ್ಲ. 1890ರ ದಶಕದ ಮ್ಯಾಕ್ಸಿಮ್ ಗನ್ ಕೂಡ ಕಾನೂನಿನ ಕಣ್ಣಿಗೆ ಮೆಷಿನ್ ಗನ್ನೇ. ಕೈಯಿಂದ ತಿರುಗಿಸುವ ಗ್ಯಾಟ್ಲಿಂಗ್ ಮಾತ್ರ ಹೊರಗೆ ಉಳಿಯುತ್ತದೆ. ಯಾಕೆಂದರೆ ಕುದುರೆ (ಟ್ರಿಗರ್) ಒಮ್ಮೆ ಎಳೆದರೆ ಒಂದಕ್ಕಿಂತ ಹೆಚ್ಚು ಗುಂಡು ಹಾರಬೇಕು ಎಂಬುದು ಇಲ್ಲಿನ ಅಳತೆ. 50 ವರ್ಷ ದಾಟಿದವನ್ನು ಸಂಗ್ರಹಯೋಗ್ಯ ಎಂದು ಬೇರೆ ಗುಂಪಿಗೆ ಸೇರಿಸುತ್ತಾರೆ. ಸಂಗ್ರಹಕಾರನ ಲೈಸೆನ್ಸ್ ಇದ್ದರೆ ಅಂಥದ್ದನ್ನು ಬೇರೆ ರಾಜ್ಯದಿಂದ ನೇರ ತರಿಸಿಕೊಳ್ಳಬಹುದು. ತೆರಿಗೆ, ಒಪ್ಪಿಗೆ ಆಗಲೂ ತಪ್ಪುವುದಿಲ್ಲ.

ದಾಖಲೆ ಇರುವ ಗನ್ನಿನ ವಾರಸುದಾರನಿಗೆ ಇಲ್ಲಿನ ಕಾನೂನು ಒಳ್ಳೆಯದನ್ನೇ ಮಾಡಿದೆ. ಅವನ ಹೆಸರಿಗೆ ಫಾರ್ಮ್ 5 ಅರ್ಜಿ ಹಾಕಿದರೆ ಸಾಕು, ತೆರಿಗೆ ಇಲ್ಲ. ಆಸ್ತಿ ಹಂಚಿಕೆ ಮುಗಿಯುವ ತನಕ ಗನ್ ಉಯಿಲು ನಡೆಸುವವರ ವಶದಲ್ಲಿ ಇರಬಹುದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನನ್ನ ಸಿಟ್ಟಿರುವುದು ದಾಖಲೆ ಇಲ್ಲದ ಗನ್ನಿನ ವಿಷಯದಲ್ಲಿ. ನಮ್ಮ ಪಕ್ಕದ ಮನೆಯ ಅಜ್ಜಿಯ ಯಜಮಾನರು ತೀರಿಕೊಂಡ ಮೇಲೆ ಅಟ್ಟ ಖಾಲಿ ಮಾಡಿಸಿದರು. ಒಂದು ಮರದ ಪೆಟ್ಟಿಗೆಯಲ್ಲಿ ಉಣ್ಣೆಯ ಕಂಬಳಿ. ಕಂಬಳಿಯೊಳಗೆ ಎಂಪಿ-40 ಎಂಬ ಜರ್ಮನ್ ಮೆಷಿನ್ ಗನ್. ಮಡಚುವ ಕಬ್ಬಿಣದ ಹಿಂಬದಿ, ಕಂದು ಬೇಕಲೈಟ್ ಹಿಡಿ, ಮೈಮೇಲೆ ಸ್ಪಷ್ಟವಾಗಿ ಒತ್ತಿದ ನಂಬರ್. ಅಜ್ಜಿಯ ಮಾವ ಎರಡನೇ ಮಹಾಯುದ್ಧದಿಂದ ತಂದದ್ದು. ಜೊತೆಗೆ ಅವರ ಮೇಲಧಿಕಾರಿ ಸಹಿ ಹಾಕಿದ ಚೀಟಿ, ಮನೆಗೆ ಒಯ್ಯಬಹುದು ಅಂತ. ಆ ಚೀಟಿ ನೋಡಿ ಅಜ್ಜಿಗೆ ಧೈರ್ಯ ಬಂತು. ವಕೀಲರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು: ಈ ಚೀಟಿ ನೋಂದಣಿ ಅಲ್ಲ. ನೋಂದಣಿ ಇಲ್ಲದ ಗನ್ ಇಟ್ಟುಕೊಂಡರೆ 10 ವರ್ಷದವರೆಗೆ ಜೈಲು. ಈಗ ನೋಂದಣಿ ಮಾಡಿಸೋಣ ಎಂದರೆ ಅದಕ್ಕೆ ದಾರಿಯೇ ಇಲ್ಲ.

ಮ್ಯೂಸಿಯಂಗೆ ಹೋಗಲಿ ಎಂದು ಅಜ್ಜಿ ಕೇಳಿಕೊಂಡರು. ಪೊಲೀಸ್ ಇಲಾಖೆಯಂಥ ಸರ್ಕಾರಿ ಸಂಸ್ಥೆ ಮನಸ್ಸು ಮಾಡಿದರೆ ಫಾರ್ಮ್ 10ರಲ್ಲಿ ತನ್ನ ಹೆಸರಿಗೆ ಬರೆಸಿಕೊಳ್ಳಬಹುದು. ಯಾರೂ ಮನಸ್ಸು ಮಾಡಲಿಲ್ಲ. ಗನ್ ಠಾಣೆಗೆ ಹೋಯಿತು, ಕೆಲವು ತಿಂಗಳ ಮೇಲೆ ಅದನ್ನು ತುಂಡು ಮಾಡಿದರು ಎಂದು ಸುದ್ದಿ ಬಂತು. ಈ ಕಾನೂನಿನಲ್ಲಿ ಗನ್ ಎಂದರೆ ರಿಸೀವರ್, ಅಂದರೆ ಎಲ್ಲ ಭಾಗಗಳನ್ನು ಹಿಡಿದಿಡುವ ಮೈ. ನಳಿಗೆಗೆ ಬೆಸುಗೆ ಹಾಕಿ ಮುಚ್ಚಿದರೂ ರಿಸೀವರ್ ಇಡಿಯಾಗಿ ಇದ್ದರೆ ಅದು ಮೆಷಿನ್ ಗನ್ನೇ. ಹಾಗಾಗಿ ಅದನ್ನು ಗ್ಯಾಸ್ ಟಾರ್ಚಿನಲ್ಲಿ ಕತ್ತರಿಸುತ್ತಾರೆ. ಎಂಬತ್ತು ವರ್ಷ ಯಾರಿಗೂ ತೊಂದರೆ ಕೊಡದೆ ಮಲಗಿದ್ದ ವಸ್ತು ಅದು. 2012ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಒಬ್ಬ ಹೆಂಗಸು ಅಪ್ಪನ ಕಾಲದ ಜರ್ಮನ್ ಎಸ್‌ಟಿಜಿ-44 ರೈಫಲ್ ತಂದೊಪ್ಪಿಸಿದಾಗ, ಅಲ್ಲಿನ ಪೊಲೀಸರು ಅದರ ಬೆಲೆ ಅರಿತು ಕರಗಿಸದೆ ಉಳಿಸಿದ್ದರು. ಎದುರಿಗೆ ಕೂತ ಅಧಿಕಾರಿಗೆ ಗೊತ್ತಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಸರಿಯಾ?

ಭಾರತದಲ್ಲಿ ಇದೇ ಗನ್ ಸಿಕ್ಕಿದ್ದರೆ? ನಮ್ಮಲ್ಲಿ ಬಾಗಿಲು ಇನ್ನೂ ಗಟ್ಟಿ. 1959ರ ಆಯುಧ ಕಾಯ್ದೆಯಲ್ಲಿ ಕುದುರೆ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರಿಸುವುದೆಲ್ಲ ನಿಷೇಧಿತ ಆಯುಧ. ಕೇಂದ್ರ ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಯಾರೂ ಇಟ್ಟುಕೊಳ್ಳುವಂತಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆ 7ರಿಂದ 14 ವರ್ಷ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಡಲು ಇರುವ ವಿನಾಯಿತಿಯೂ ಇದಕ್ಕೆ ಅನ್ವಯಿಸುವುದಿಲ್ಲ. ಅದು ಸಾಮಾನ್ಯ ಕೋವಿಗೆ, 2029ರ ಅಕ್ಟೋಬರ್ 31ರ ತನಕ. ಇದು ಹೀಗೇ ಇರಲಿ ಎನ್ನುವವನು ನಾನು. ನಮ್ಮ ಊರಿಗೆ ಮೆಷಿನ್ ಗನ್ ಸಂಗ್ರಹದ ಹವ್ಯಾಸ ಬೇಡ.

ಆದರೂ ನಮ್ಮ ಕಾಯ್ದೆಯಲ್ಲಿ ಎರಡು ಒಳ್ಳೆಯ ಸಂಗತಿಗಳಿವೆ. ರಿಪೇರಿ ಮಾಡಿದರೂ ಹಾರಿಸಲಾಗದ, ಪುರಾತನ ಬೆಲೆಯ ಆಯುಧವನ್ನು 45ನೇ ಸೆಕ್ಷನ್ ಕಾಯ್ದೆಯಿಂದಲೇ ಹೊರಗಿಡುತ್ತದೆ. ವಸ್ತು ಉಳಿಯಲಿ, ಅಪಾಯ ಹೋಗಲಿ ಎಂಬ ವಿವೇಕ ಅದರಲ್ಲಿದೆ. ಇನ್ನೊಂದು, ಸಾಮಾನ್ಯ ಕೋವಿಯನ್ನು ಬದುಕಿರುವಾಗಲೇ ವಾರಸುದಾರನಿಗೆ ದಾಟಿಸುವ ಅವಕಾಶ. 2016ರ ನಿಯಮಗಳ ಪ್ರಕಾರ ಲೈಸೆನ್ಸುದಾರನಿಗೆ 70 ತುಂಬಿದರೆ, ಇಲ್ಲವೇ ಕೋವಿ ಅವನ ಬಳಿ 25 ವರ್ಷ ಇದ್ದರೆ, ವಾರಸುದಾರ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಯಾರೋ ಸಾಯುವ ತನಕ ಕಾಯಬೇಕಾಗಿಲ್ಲ. ಅಮೆರಿಕದಲ್ಲಿ ಅಪ್ಪ ಬದುಕಿರುವಾಗ ಮಗನಿಗೆ ಮೆಷಿನ್ ಗನ್ ಕೊಟ್ಟರೆ ಅದು ಮಾಮೂಲಿ ವರ್ಗಾವಣೆ, 200 ಡಾಲರ್ ಕಟ್ಟಬೇಕು. ಊರಲ್ಲಿ ಅಜ್ಜನ ಹೆಸರಲ್ಲೇ ಲೈಸೆನ್ಸ್ ಉಳಿದಿರುವ ಮನೆಗಳು ಎಷ್ಟೋ ಇವೆ. ದಯವಿಟ್ಟು ಹಿರಿಯರು ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಅಮೆರಿಕಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1968ರಲ್ಲಿ ನವೆಂಬರ್ 2ರಿಂದ ಡಿಸೆಂಬರ್ 1ರ ತನಕ ಒಮ್ಮೆ ಬಾಗಿಲು ತೆರೆದಿದ್ದರು. ಯಾರು ಏನು ತಂದು ನೋಂದಾಯಿಸಿದರೂ ಕೇಸ್ ಹಾಕಲಿಲ್ಲ. ಯುದ್ಧದಿಂದ ಬಂದ ಎಷ್ಟೋ ಗನ್‌ಗಳು ಆಗ ದಾಖಲೆ ಸೇರಿದವು. ಅದೇ ವರ್ಷದ ಕಾಯ್ದೆಯಲ್ಲೇ, ಒಂದೊಂದು ಸಲಕ್ಕೆ 90 ದಿನ ಮೀರದಂತೆ ಮತ್ತೆ ಇಂಥ ಅವಕಾಶ ಕೊಡುವ ಅಧಿಕಾರ ಬರೆದಿಟ್ಟಿದ್ದಾರೆ. ಅದು ಇವತ್ತು ಅಟಾರ್ನಿ ಜನರಲ್ ಕೈಯಲ್ಲಿದೆ.

ನಮ್ಮ ಕ್ಷೇತ್ರದ ಪ್ರತಿನಿಧಿಗೆ ನಾನು ಪತ್ರ ಬರೆದಿದ್ದೇನೆ. ಕೇಳಿದ್ದು ಇಷ್ಟೇ. ಯುದ್ಧದಿಂದ ತಂದ ಚೀಟಿ ಇರುವ ಗನ್‌ಗಳಿಗೆ, ಸೈನಿಕರ ಮಕ್ಕಳು ಮೊಮ್ಮಕ್ಕಳಿಗೆ, 90 ದಿನ ಅವಕಾಶ ಕೊಡಿ. ಮನೆಯಲ್ಲಿ ಇಡಲು ಬಿಡಲಾಗದಿದ್ದರೆ, ಕತ್ತರಿಸುವ ಮೊದಲು ಆ ರಾಜ್ಯದ ಸರ್ಕಾರಿ ಮ್ಯೂಸಿಯಂ ಒಂದನ್ನು ಕಡ್ಡಾಯವಾಗಿ ಕೇಳಿ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆಯನ್ನೇ ಮ್ಯೂಸಿಯಂ ಮಾಡಿ ಸೇನೆಯ ಆಯುಧಗಳನ್ನು ಜನರಿಗೆ ತೋರಿಸುತ್ತಿದ್ದಾರೆ ಎಂಬುದನ್ನೂ ಸೇರಿಸಿದೆ. ಉತ್ತರ ಇನ್ನೂ ಬಂದಿಲ್ಲ. ಇಲ್ಲಿ ಮತ ಹಾಕುವ ಕನ್ನಡಿಗರು ನೀವೂ ಒಂದು ಪತ್ರ ಬರೆಯಿರಿ.