ಬಜೆಟ್‌ಗಿಂತ ಮೊದಲು ನೋಡಬೇಕಾದದ್ದು

ಸಾಫ್ಟ್‌ವೇರ್ ಕಂಪನಿಯವರು ಮಾರ್ಕೆಟಿಂಗ್ ಏಜೆನ್ಸಿ ಆರಿಸುವಾಗ ಮೊದಲು ಬಜೆಟ್ ನೋಡಬೇಕು ಅಂತ ಬರೆದಿದ್ದೀರಿ ಸರ್. ನಾನು ಒಪ್ಪಲ್ಲ. ನಾವು ಕೋಲಾರದ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡ್ತೀವಿ. ಹಿಂದಿನ ಏಜೆನ್ಸಿ ತಿಂಗಳು ತಿಂಗಳು ಲೈಕ್‌ಗಳ ಲೆಕ್ಕ ಕಳಿಸ್ತಿತ್ತು. ಬಂದ ಫೋನೆಲ್ಲ ಕೆಲಸ ಕೇಳೋ ಹುಡುಗರದ್ದು. ಬಿಡೋವಾಗ ನೋಡಿದ್ರೆ ಗೂಗಲ್ ಜಾಹೀರಾತು ಖಾತೆ ಅವರ ಹೆಸರಲ್ಲಿ! ಹಳೇ ಮಾಹಿತಿಯೆಲ್ಲ ಅಲ್ಲೇ ಉಳೀತು. ಖಾತೆ ನಿಮ್ಮ ಹೆಸರಲ್ಲೇ ಇರಬೇಕು ಅಂತ ಒಪ್ಪಂದದಲ್ಲಿ ಬರೆಸಿಕೊಳ್ಳಿ, ದಯವಿಟ್ಟು.

ಈಗಿನವರು ಕೆಲಸ ಒಪ್ಪೋ ಮುಂಚೆ ಹರಾಜಿನ ಹೊತ್ತಿಗೆ ಎಪಿಎಂಸಿಗೆ ಬಂದರು. 15 ಕೆಜಿ ಬಾಕ್ಸ್ ಲೆಕ್ಕ, ಮುಂಗಡ ಮುರಿದುಕೊಳ್ಳೋದು, ರೈತರಿಗೆ ಕೊಡೋ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಎಲ್ಲಾ ಗುಮಾಸ್ತರ ಪಕ್ಕ ನಿಂತು ನೋಡಿದರು. ಜಾಹೀರಾತಿನಿಂದ ‘ಕ್ಲೌಡ್’ ತೆಗೆದು ‘ಹರಾಜು ಮುಗಿದ ಕೂಡಲೇ ಪಟ್ಟಿ ಕೈಗೆ’ ಅಂತ ಹಾಕಿದರು. ಆಮೇಲೆ ಫೋನ್ ಮಾಡಿದ್ದು ಮಂಡಿ ಮಾಲೀಕರೇ.