ಬೀರು ನೋಡುವುದು ಉಚಿತ

ಮುಂಬಯಿಯ ಒಂದು ಕನ್ನಡ ಸಂಘ ಇತಿಹಾಸ ಭಂಡಾರ ತೆರೆದಿದೆ. ಸಂಘದ ಹೆಸರು ಹೇಳುವುದಿಲ್ಲ. ಹೇಳಿದರೆ ನನಗೂ ಒಂದು ಶಾಲು ಹೊದಿಸಿ ಬಾಯಿ ಮುಚ್ಚಿಸಿಬಿಡುತ್ತಾರೆ. ಉದ್ಘಾಟನೆ ಜೋರಾಗಿತ್ತು. ಹಳೇ ಕಾಗದ ನೋಡಲು ಬಂದವರಿಗೆ ಊಟದ ಕೂಪನ್ ಸಿಕ್ಕಿತು. ಕಾಗದ ಸಿಗಲಿಲ್ಲ.

ಬಾಗಿಲ ಪಕ್ಕದಲ್ಲೇ ಸೇವೆಗಳ ಬೋರ್ಡು ಇದೆ, ಊರಿನ ದೇವಸ್ಥಾನದ ಸೇವಾಪಟ್ಟಿಯ ಹಾಗೆ ದರ ಸಮೇತ. ಬೀರುವನ್ನು ಹೊರಗಿನಿಂದ ನೋಡುವುದು ಉಚಿತ. ಬಾಗಿಲು ತೆಗೆಸಲು 51 ರೂಪಾಯಿ. ಪುಸ್ತಕ ಹೊರಗೆ ಇಳಿಸಲು 101. ಪುಟ ತಿರುವಬೇಕಾದರೆ ಕಾರ್ಯಕಾರಿ ಸಮಿತಿಯ ಒಪ್ಪಿಗೆ. ಜೆರಾಕ್ಸ್ ಬೇಕಾದರೆ ಮಹಾಸಭೆಯೇ ಸೇರಬೇಕು. ಇಷ್ಟೆಲ್ಲ ಆದ ಮೇಲೂ ಬೀಗದ ಕೈ ಕಾರ್ಯದರ್ಶಿಯ ಹತ್ತಿರ ಇರುತ್ತದೆ. ಕಾರ್ಯದರ್ಶಿ ದೇವಸ್ಥಾನದ ಬ್ರಹ್ಮಕಲಶಕ್ಕೆ ಊರಿಗೆ ಹೋಗಿರುತ್ತಾರೆ. ಒಂದು ಬ್ರಹ್ಮಕಲಶ ಮುಗಿದರೆ ಭೂತದ ನೇಮ, ನೇಮ ಮುಗಿದರೆ ಮದುವೆ, ಅಷ್ಟರಲ್ಲಿ ಮಳೆಗಾಲ.

ಒಮ್ಮೆ ಬೀರು ತೆರೆದದ್ದನ್ನು ನಾನು ನೋಡಿದ್ದೇನೆ. ಮೇಲಿನ ಹಲಗೆಯಲ್ಲಿ ಥ್ರೋಬಾಲ್ ಕಪ್ಪುಗಳು. ನಡುವೆ ಸ್ಮರಣಿಕೆಗಳು, ಬಿಚ್ಚದ ಶಾಲುಗಳು, ಎರಡು ಮೈಸೂರು ಪೇಟ. ಕೆಳಗಿನ ಹಲಗೆಯಲ್ಲಿ ನುಸಿಗುಳಿಗೆ ಮಾತ್ರ. ಕಾಯಲು ಏನೂ ಇಲ್ಲದಿದ್ದರೂ ಅವು ನಿಷ್ಠೆಯಿಂದ ಕಾಯುತ್ತಿವೆ.

ಹಳೇ ದಾಖಲೆಗಳೆಲ್ಲ ಎಲ್ಲಿ ಎಂದು ಕೇಳಿದರೆ ಒಂದೇ ಉತ್ತರ: 2005ರ ಜುಲೈ 26ರ ನೆರೆಯಲ್ಲಿ ಹೋಯಿತು. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದದ್ದು ನಿಜ. ಅಂದರೆ ಸುಮಾರು ಮೂರು ಅಡಿ. ಸಂಘದ ಕಚೇರಿ ಇರುವುದು ಮೂರನೇ ಮಹಡಿಯಲ್ಲಿ! ಆ ನೆರೆ ಮೆಟ್ಟಿಲು ಹತ್ತಿ ಬಂದು, ನಡಾವಳಿ ಪುಸ್ತಕಗಳನ್ನಷ್ಟೇ ಆರಿಸಿಕೊಂಡು, ಅಧ್ಯಕ್ಷರ ಫೋಟೋಗಳನ್ನು ಮುಟ್ಟದೆ ಇಳಿದು ಹೋಯಿತಂತೆ. ಎಷ್ಟು ಮರ್ಯಾದಸ್ಥ ನೆರೆ ನೋಡಿ. ಕೆಳಗಿನ ರದ್ದಿ ಅಂಗಡಿಯವನನ್ನು ಕೇಳಿದರೆ ಅವನು ಸುಮ್ನೆ ನಗುತ್ತಾನೆ, ಅಷ್ಟೇ.

ಹೋದದ್ದು ಸಣ್ಣದಲ್ಲ. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಕೂತ ಹುಡುಗರ ಹಾಜರಿ ಪುಸ್ತಕ. ಯಕ್ಷಗಾನದ ಕರಪತ್ರ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಗಿ ಬಟ್ಟೆ ಗಿರಣಿಗಳು ನಿಂತಾಗ ಯಾವ ಮನೆಗೆ ಎಷ್ಟು ಅಕ್ಕಿ ಕೊಟ್ಟೆವು ಎಂಬ ಲೆಕ್ಕ. ಇದೇ ಊರಿನ ಸರಕಾರಿ ಪತ್ರಾಗಾರ 1821ರಲ್ಲಿ ಶುರುವಾದದ್ದು. ಫೋರ್ಟಿನ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಬಹುಕಾಲ ಬಾಳಿದ್ದು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ಆಡಳಿತದಲ್ಲೇ ಇದ್ದವು, ಹಾಗಾಗಿ ನಮ್ಮ ಊರುಗಳ ಕಂದಾಯದ ಕಾಗದ ಅಲ್ಲಿ ಸೇರಿಕೊಂಡಿದೆ. ಬ್ರಿಟಿಷರು ನಮ್ಮಿಂದ ಕಿತ್ತುಕೊಂಡ ತೆರಿಗೆಯ ಲೆಕ್ಕವನ್ನು ಜೋಪಾನ ಮಾಡಿದರು. ನಾವೇ ಕೊಟ್ಟ ಚಂದಾದ ಲೆಕ್ಕವನ್ನು ನಾವು ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟೆವು.

ಹೇಗೋ ಉಳಿದ ಒಂದು ನಡಾವಳಿ ಪುಸ್ತಕಕ್ಕೆ ಪ್ರೀತಿ ಜಾಸ್ತಿಯಾಗಿ ಹಾಳೆ ಹಾಳೆ ಬಿಡಿಸಿ ಲ್ಯಾಮಿನೇಷನ್ ಮಾಡಿಸಿದ್ದಾರೆ. ಬಿಸಿ ಪ್ಲಾಸ್ಟಿಕ್ಕಿಗೆ ಒಮ್ಮೆ ಅಂಟಿದ ಹಾಳೆ ಮತ್ತೆ ಬಿಡುವುದಿಲ್ಲ. ಹಳೇ ಕಾಗದವನ್ನು 50 ಲಕ್ಸ್‌ಗಿಂತ ಹೆಚ್ಚು ಬೆಳಕಿನಲ್ಲಿ ಇಡಬಾರದು ಎಂಬುದು ಮ್ಯೂಸಿಯಂನವರ ರೂಢಿ. ನಮ್ಮವರು ಮದುವೆ ಹಾಲಿನ ಹ್ಯಾಲೊಜನ್ ದೀಪದ ಕೆಳಗೆ ಇಟ್ಟರು, ವಿಡಿಯೋದಲ್ಲಿ ಚೆನ್ನಾಗಿ ಬರಲಿ ಅಂತ.

ಇನ್ನು ಭಂಡಾರದ ಹೆಮ್ಮೆಯ ಯೋಜನೆ, ಎರವಲು ಪ್ರದರ್ಶನ. 'ಮುಂಬಯಿಯಲ್ಲಿ ಕನ್ನಡಿಗರು' ಎಂಬ ಹನ್ನೆರಡು ಫ್ಲೆಕ್ಸ್ ಫಲಕ. ಯಾವ ಸಂಘ ಕೇಳಿದರೂ ಉಚಿತವಾಗಿ ಎರವಲು ಕೊಡುತ್ತಾರೆ. ಟೆಂಪೋ ಬಾಡಿಗೆ ಎರವಲು ಪಡೆದವರದು. ಜೊತೆಗೆ ಬರುವ ಸಮಿತಿಯ ಊಟ, ವೇದಿಕೆಯಲ್ಲಿ ಕುರ್ಚಿ, ಮಾಲೆ ಕೂಡ ಅವರದೇ. ಫಲಕಕ್ಕೆ ಏಟಾದರೆ ಯಾರೂ ಕೇಳುವುದಿಲ್ಲ. ಕುರ್ಚಿ ಎರಡನೇ ಸಾಲಿನಲ್ಲಿದ್ದರೆ ಮುಂದಿನ ಸಲ ಪ್ರದರ್ಶನ ಸಿಗುವುದಿಲ್ಲ.

ಫಲಕಗಳು ಮಾಟುಂಗಾದಿಂದ ಹೊರಟವು. ಡೊಂಬಿವಿಲಿಯವರು ತಮ್ಮ ಅಧ್ಯಕ್ಷರ ಒಂದು ಫಲಕ ಸೇರಿಸಿದರು. ಭಾಯಂದರಿನವರು ಅಧ್ಯಕ್ಷರ ಜೊತೆ ಖಜಾಂಚಿಯನ್ನೂ ಸೇರಿಸಿದರು. ನೆರೂಲಿನಲ್ಲಿ ಎರಡು ಬಣ ಇದ್ದುದರಿಂದ ಎರಡು ಫಲಕ, ಎರಡರ ಅಳತೆಯೂ ಒಂದೇ. ಜಾಗ ಸಾಲದೆ ರಾತ್ರಿ ಶಾಲೆಯ ಫಲಕವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಮುಂಬಯಿ ಪ್ರಾಂತ್ಯದ ನಕ್ಷೆಯ ಮೇಲೆ ಪ್ರಾಯೋಜಕರ ಮುಖ ಅಂಟಿತು. ಧಾರವಾಡದ ಮೇಲೆ ಅವರ ಮೀಸೆ, ಕಾರವಾರದ ಮೇಲೆ ಫೋನ್ ನಂಬರು. ಒಂದು ಮಗು ಅದನ್ನು ಓದಿ, ಮುಂಬಯಿ ಪ್ರಾಂತ್ಯವನ್ನು ಒಬ್ಬ ಕೇಟರಿಂಗ್ ಮಾಮ ಆಳುತ್ತಿದ್ದ ಎಂದು ಅಮ್ಮನಿಗೆ ವಿವರಿಸಿತು. ತಿದ್ದುವುದು ಹೇಗೆ, ಮಾಮ ಅಲ್ಲೇ ಪೂರಿ ಬಡಿಸುತ್ತಿದ್ದರು.

ಈ ನಡುವೆ ಭಂಡಾರಕ್ಕೆ ನಿಜವಾಗಿಯೂ ಒಬ್ಬರು ಕೆಲಸವಿದ್ದು ಬಂದರು. ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದು ನಿವೃತ್ತರಾದ ಹಿರಿಯರು. ಆಧಾರ್ ಕಾರ್ಡಿನಲ್ಲಿ ಅವರ ಜನ್ಮದಿನ ಜನವರಿ 1 ಎಂದಿದೆ. ರಾತ್ರಿ ಶಾಲೆಗೆ ಸೇರುವಾಗ ಮಾಸ್ತರರು ಸರಿಯಾದ ತಾರೀಕು ಕೇಳಿ ಬರೆದುಕೊಂಡಿದ್ದರಂತೆ.

"ಆ ರಿಜಿಸ್ಟರ್ ಒಮ್ಮೆ ತೋರಿಸ್ತೀರಾ?" ಎಂದರು.

"ರಿಜಿಸ್ಟರ್ ನೆರೆಯಲ್ಲಿ ಹೋಯಿತು ಮಾರಾಯ್ರೇ," ಎಂದರು ಅಧ್ಯಕ್ಷರು. "ಒಂದು ಕೆಲಸ ಮಾಡುವ. ನಿಮಗೆ ಸನ್ಮಾನ ಮಾಡುವ."

"ಸನ್ಮಾನ ಯಾಕೆ? ನನಗೆ ತಾರೀಕು ಸಾಕು."

"ತಾರೀಕು ಇಡುವುದು ನಮ್ಮ ಕೆಲಸ. ಬರುವ ಭಾನುವಾರ ಹೇಗೆ?"

ಭಾನುವಾರ ಸನ್ಮಾನ ಆಯಿತು. ಪೇಟ ಕಣ್ಣಿನವರೆಗೆ ಇಳಿದಿತ್ತು. ಫೋಟೋದಲ್ಲಿ ಅವರು ಯಾರೆಂದು ಗೊತ್ತಾಗುವುದಿಲ್ಲ, ಶಾಲು ಹೊದಿಸಿದ ಅಧ್ಯಕ್ಷರು ಮಾತ್ರ ಸ್ಪಷ್ಟ. ಹೊಸ ಫಲಕ ತಯಾರಾಗಿದೆ. ಅದರ ಕೆಳಗೆ ಹಾಕಲು ಸಮಿತಿಯವರು ಈಗ ಅವರಿಗೇ ಫೋನ್ ಮಾಡಿ ಕೇಳುತ್ತಿದ್ದಾರೆ: "ಅಣ್ಣಾ, ನಿಮ್ಮ ಜನ್ಮದಿನಾಂಕ ಸ್ವಲ್ಪ ಹೇಳ್ತೀರಾ?"