ಒಳಗೇ ಇರಿ ಅಂತಾರೆ, ಒಮ್ಮೆ ನಮ್ಮನೆ ಒಳಗೆ ಬಂದು ನೋಡಲಿ

ಏಪ್ರಿಲ್ ಬಂತೆಂದರೆ ಮೊಬೈಲಿಗೆ ಬರುವ ಫಾರ್ವರ್ಡ್‌ಗಳಲ್ಲಿ ಒಂದು ಮಾತು ಇದ್ದೇ ಇರುತ್ತದೆ. ‘ಮಧ್ಯಾಹ್ನ 12ರಿಂದ 3ರವರೆಗೆ ಮನೆಯಿಂದ ಹೊರಗೆ ಬರಬೇಡಿ.’ ಸರಿ, ಬರಲ್ಲ. ಒಳಗಿದ್ದು ಬೇಯೋದು ಹೇಗೆ ಅನ್ನೋದನ್ನೂ ಹೇಳಿಬಿಡಿ ಅಂತ ಕೇಳಬೇಕು ಅನ್ನಿಸುತ್ತದೆ.

ನಾವಿರುವುದು ಕಲಬುರಗಿಯಲ್ಲಿ. ನಮ್ಮಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಅಂತ ನಾವೇ ಜೋಕ್ ಮಾಡಿಕೊಳ್ಳುತ್ತೇವೆ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. 42 ಡಿಗ್ರಿ ಅಂದರೆ ಇಲ್ಲಿ ಸುದ್ದಿಯೂ ಅಲ್ಲ. ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ತಲೆ ಮೇಲೆ ನೇರ ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ಸೂರ್ಯ.

ಹೋದ ವರ್ಷ ಮೇ ತಿಂಗಳಲ್ಲಿ ಸಿಟ್ಟಿಗೆ ಗೋಡೆಗೆ ತೂಗುಹಾಕುವ ಒಂದು ಥರ್ಮಾಮೀಟರ್ ತಂದೆ. ರಾತ್ರಿ 11 ಗಂಟೆಗೆ ಮಲಗುವ ಕೋಣೆಯಲ್ಲಿ 38. ಅದನ್ನೇ ಹಿಡಿದುಕೊಂಡು ಟೆರೇಸಿಗೆ ಹೋಗಿ ಹದಿನೈದು ನಿಮಿಷ ಕೂತೆ. 32! ಕೈಯೆತ್ತಿ ಒಳಗಿನ ಸ್ಲ್ಯಾಬು ಮುಟ್ಟಿ ನೋಡಿದರೆ ಈಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ ಕಾವು. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ಸಂಜೆಯ ಮೇಲೆ ನಿಧಾನಕ್ಕೆ ಮನೆಯೊಳಗೆ ಬಿಡುತ್ತದೆ. ಹೊರಗೆ ತಂಪಾಗುವ ಹೊತ್ತಿಗೆ ಒಳಗೆ ಕಾವು ಏರಿರುತ್ತದೆ. ಹಗಲಿನ ಝಳವನ್ನು ದೇಹ ಹೇಗೋ ತಡೆದೀತು. ರಾತ್ರಿಯೂ ಬಿಡುವು ಸಿಗದಿದ್ದರೆ ಮನುಷ್ಯ ಸೋಲುತ್ತಾನೆ. ಆದರೂ ಎಲ್ಲ ಸಲಹೆಗಳೂ ಮಧ್ಯಾಹ್ನದ ಬಗ್ಗೆಯೇ, ಅಲ್ವಾ?

ಚಿತ್ತಾಪುರದ ಕಡೆ ನಮ್ಮಜ್ಜನ ಮನೆ ಹೀಗಿರಲಿಲ್ಲ. ಶಹಾಬಾದ್ ಕಲ್ಲಿನ ದಪ್ಪ ಗೋಡೆ, ಜಂತಿ ಮೇಲೆ ಮಣ್ಣು ಹೊದ್ದ ಮಾಳಿಗೆ. ಮಟ ಮಟ ಮಧ್ಯಾಹ್ನ ಪಡಸಾಲೆಯ ಪರಸಿ ಕಲ್ಲಿನ ನೆಲದ ಮೇಲೆ ಬರಿ ಮೈಯಲ್ಲಿ ಮಲಗಿದರೆ ಬೆನ್ನು ತಣ್ಣಗಾಗುತ್ತಿತ್ತು. ಹಾಗಂತ ಅದೇ ಸ್ವರ್ಗ ಅಂತ ನಾನು ಹೇಳಲ್ಲ. ಮಳೆಗಾಲದಲ್ಲಿ ಸೋರುತ್ತಿತ್ತು, ಹಗಲಲ್ಲೂ ಕತ್ತಲು, ಚೇಳಿನ ಕಾಟ ಬೇರೆ. ಆದರೆ ಕಲ್ಲು ಕಾಲ ಬುಡದಲ್ಲೇ ಇರುವ ಊರಲ್ಲಿ ಕೂತು ಬೆಂಗಳೂರಿನ ಹವೆಗೆ ಹೊಂದುವ ಮನೆ ಕಟ್ಟಿಕೊಂಡೆವಲ್ಲ, ಅದಕ್ಕೆ ಯಾರನ್ನು ಬೈಯೋಣ? ಈಗ ಬೆಂಗಳೂರಿಗೂ ಹೊಂದುತ್ತಿಲ್ಲ ಅನ್ನಿ. 2024ರ ಏಪ್ರಿಲ್ ಕೊನೆಯಲ್ಲಿ ಅಲ್ಲೇ 38 ದಾಟಿತ್ತು. ಅಲ್ಲಿನ ತಂಗಿ ಫೋನ್ ಮಾಡಿ ಅತ್ತಿದ್ದಳು. ನನಗೆ ನಗು ಬಂದಿತ್ತು.

ಆ ಥರ್ಮಾಮೀಟರ್ ನೋಡಿದ ಮೇಲೆ ಮಾಡಿದ ಮೊದಲ ಕೆಲಸ, ಟೆರೇಸಿಗೆ ಸುಣ್ಣ. ಒಂದು ಚೀಲ ಸುಣ್ಣ, ಹಿಡಿದುಕೊಳ್ಳಲಿ ಅಂತ ಸ್ವಲ್ಪ ಫೆವಿಕಾಲ್, ಉದ್ದ ಕೋಲಿನ ಬ್ರಷ್ಷು. ಮೊದಲು ಧೂಳು ಗುಡಿಸಿ ತೊಳೆದು, ಎರಡು ದಿನ ಬೆಳಿಗ್ಗೆ 8ರೊಳಗೆ ಒಂದೊಂದು ಕೋಟ್ ಹೊಡೆದೆ. ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಿ, ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಸ್ಲ್ಯಾಬಿಗೆ ಕುಡಿಯಲು ಕಮ್ಮಿ ಸಿಗುತ್ತದೆ. ಅಷ್ಟೇ ವಿಜ್ಞಾನ. ವಾರದ ಮೇಲೆ ರಾತ್ರಿ 11ಕ್ಕೆ ನೋಡಿದರೆ 35. ಮೂರು ಡಿಗ್ರಿ ಏನು ಮಹಾ ಅನ್ನಬಹುದು. 38ರಲ್ಲಿ ಒಂದು ರಾತ್ರಿ ಮಲಗಿ ನೋಡಿ, ಆಮೇಲೆ ಮಾತಾಡೋಣ.

ಎರಡನೆಯದು ಕಿಟಕಿ. ನಾವು ಹಗಲೆಲ್ಲ ‘ಗಾಳಿ ಬರಲಿ’ ಅಂತ ತೆರೆದಿಟ್ಟು, ರಾತ್ರಿ ಸೊಳ್ಳೆಗೆ ಹೆದರಿ ಮುಚ್ಚುತ್ತಿದ್ದೆವು. ಪೂರ್ತಿ ಉಲ್ಟಾ! ಹೊರಗಿನ ಗಾಳಿ ಒಳಗಿನದ್ದಕ್ಕಿಂತ ಬಿಸಿ ಇರುವಷ್ಟು ಹೊತ್ತು ಮುಚ್ಚಬೇಕು, ತಂಪಾದ ಮೇಲೆ ತೆರೆಯಬೇಕು. ಅದಕ್ಕೆ ಸೊಳ್ಳೆ ಜಾಲರಿ ಬಡಿಸಿದೆ. ಪಡುವಣ ಕಿಟಕಿಗೆ ಪರದೆ ಒಳಗೆ ಹಾಕೋ ಬದಲು ಹೊರಗೆ ಗೋಣಿತಾಟು ಕಟ್ಟಿದೆ. ಗಾಜು ದಾಟಿ ಒಳಗೆ ಬಂದ ಬಿಸಿಲನ್ನು ಪರದೆ ಏನು ತಡೆಯುತ್ತದೆ?

ಕೂಲರ್ ವಿಷಯಕ್ಕೂ ಕಿಟಕಿಯೇ ಮುಖ್ಯ. ಎಸಿ ಇದ್ದ ಹಾಗೆ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಕೂಲರ್ ಹಾಕುವವರನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಅರ್ಧ ಗಂಟೆಗೆ ಕೋಣೆಯೆಲ್ಲ ಪಸೆ ಪಸೆ, ಮೈ ಅಂಟು ಅಂಟು. ಕೂಲರ್ ನೀರು ಆವಿ ಮಾಡಿ ತಂಪು ಕೊಡುತ್ತದೆ, ಹಸಿ ಗಾಳಿ ಹೊರಹೋಗಲು ದಾರಿ ಬೇಕೇ ಬೇಕು. ನಮ್ಮ ಒಣ ಹವೆಗೆ ಇದು ವರ. ಮಂಗಳೂರಿನವರಿಗೆ ದಂಡ.

ಇನ್ನು ಅಡುಗೆಮನೆ. ಮನೆಯಲ್ಲೇ ಅತಿ ಬಿಸಿ ಕೋಣೆ ಅದು, ಫ್ಯಾನೂ ಇರಲ್ಲ. ಒಲೆ ಆರುತ್ತದೆ ಅಂತ ನೆಪ. ಅವ್ವ ನಲವತ್ತು ವರ್ಷ ಅಲ್ಲಿ ನಿಂತು ರೊಟ್ಟಿ ಬಡಿದಿದ್ದಾಳೆ. ನನಗೆ ಇದು ಹೊಳೆದದ್ದು ಆಕೆಗೆ ತಲೆ ಸುತ್ತಿ ಬಿದ್ದ ಮೇಲೆ, ನಾಚಿಕೆಯ ಮಾತು. ಈಗ ಎಕ್ಸಾಸ್ಟ್ ಫ್ಯಾನ್ ಇದೆ, ಅಡುಗೆ ಬೆಳಿಗ್ಗೆ 9ಕ್ಕೆ ಮುಗಿಯುತ್ತದೆ. ವಾರಕ್ಕೊಮ್ಮೆ ಖಡಕ್ ರೊಟ್ಟಿ ಮಾಡಿಟ್ಟುಕೊಳ್ಳುತ್ತೇವೆ. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಒಲೆ ಹಚ್ಚುವ ಮಾತೇ ಇಲ್ಲ. ಉಳ್ಳಾಗಡ್ಡಿ ಜೇಬಲ್ಲಿಟ್ಟುಕೊಂಡರೆ ಬಿಸಿಲು ತಾಗಲ್ಲ ಅಂತಾರಲ್ಲ, ಇಟ್ಟುಕೊಳ್ಳಿ, ಹಸಿವಾದಾಗ ತಿನ್ನೋಕಾದರೂ ಆಗುತ್ತದೆ.

ಅವ್ವ ಬಿದ್ದ ದಿನ ನಾನು ಬಿಪಿ ಅಂದುಕೊಂಡಿದ್ದೆ. ಡಾಕ್ಟರ್ ಕೇಳಿದ್ದು ಒಂದೇ, ಮೂತ್ರದ ಬಣ್ಣ ಹೇಗಿದೆ? ಕಡು ಹಳದಿ. ನೀರೇ ಕುಡಿದಿರಲಿಲ್ಲ. ಮನೆಗೆ ಬಂದು ಬೈದೆ.

‘ಯಾಕ್ ಕುಡಿಯಂಗಿಲ್ಲವ್ವಾ ನೀ?’

‘ಕುಡದ್ರ ರಾತ್ರಿ ಮ್ಯಾಲಿಂದ ಮ್ಯಾಲೆ ಏಳಬೇಕಾಗ್ತದಪಾ. ಮೊಣಕಾಲು ಕೇಳಬೇಕಲ್ಲ.’

ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗೋದೂ ಕಮ್ಮಿ. ಈಗ ಹಗಲಲ್ಲೇ ಕುಡಿಸುತ್ತೇವೆ. ನೀರಿನ ಮಣ್ಣಿನ ಹರವಿ ಆಕೆಯ ಕೈಗೆ ಸಿಗುವಲ್ಲಿ ಇದೆ. ಮಧ್ಯಾಹ್ನ ಮಜ್ಜಿಗೆ ಇಲ್ಲವೇ ಜೋಳದ ಅಂಬಲಿ. ಸುಸ್ತು ಕಂಡರೆ ಓಆರ್‌ಎಸ್. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು. ಬಿಪಿ ಮಾತ್ರೆ ತಗೊಳ್ಳುವವರು, ಹೃದಯ ಇಲ್ಲವೇ ಕಿಡ್ನಿ ತೊಂದರೆ ಇರುವವರು ಎಷ್ಟು ನೀರು, ಎಷ್ಟು ಉಪ್ಪು ಅಂತ ಬೇಸಿಗೆಗೆ ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಿಸಿಲಿಗೆ ಸಿಕ್ಕವರು ಏನೇನೋ ಮಾತಾಡಲು ಶುರು ಮಾಡಿದರೆ, ಮೈ ಕೆಂಡದಂತಿದ್ದರೆ ಅದು ಜ್ವರ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕೂರಬೇಡಿ. ಆ ಕಾವಿಗೆ ಮಾತ್ರೆ ಕೆಲಸ ಮಾಡಲ್ಲ. 108ಕ್ಕೆ ಫೋನ್ ಮಾಡಿ, ಗಾಡಿ ಬರುವಷ್ಟರಲ್ಲಿ ನೆರಳಿಗೆ ತಂದು ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ.

ಸುಣ್ಣ ಮಳೆಗೆ ತೊಳೆದು ಹೋಗುತ್ತದೆ, ಈ ವರ್ಷ ಮತ್ತೆ ಹೊಡೆಯಬೇಕಾಯಿತು. ಕೆಳಗಿನ ಮನೆಯ ಹುಡುಗರು ಬಂದು ಕೈಜೋಡಿಸಿದರು. ಮನೆ ಮಾಲೀಕರೂ ಮೇಲೆ ಬಂದು ಸುತ್ತ ಓಡಾಡಿ ನೋಡಿದರು. ಖುಷಿಯಾಯಿತು, ಖರ್ಚಲ್ಲಿ ಅರ್ಧ ಕೊಡ್ತಾರೇನೋ ಅಂತ.

‘ಛಲೋ ಆಗ್ಯದ ನೋಡ್ರಿ. ಮನಿ ತಂಪಾಯ್ತಲ್ಲ, ಮುಂದಿನ ತಿಂಗಳಿಂದ ಬಾಡಗಿ ಐನೂರು ಜಾಸ್ತಿ ಮಾಡೂಣೇನು?’ ಅಂದರು.